ಅಗ್ಗದ ಗಾಜಿನ ಉಪಕರಣವನ್ನು ಎಲ್ಲಿಯವರೆಗೆ ನಂಬಬಹುದು?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ಯೂಟ್ಯೂಬ್‌ನಲ್ಲಿ ನೈಲ್‌ರೆಡ್, ನರ್ಡ್‌ರೇಜ್ ಮುಂತಾದವರ ರಸಾಯನಶಾಸ್ತ್ರದ ವಿಡಿಯೊಗಳನ್ನು ಬಹಳ ಕಾಲದಿಂದ ನೋಡುತ್ತಿದ್ದೇನೆ. ಅಂಥ ಪ್ರಯೋಗಗಳನ್ನು ಕನ್ನಡದಲ್ಲಿ ಮಾಡಿ ತೋರಿಸಬೇಕೆಂಬ ಆಸೆಯಿದೆ. ಬಟ್ಟಿ ಇಳಿಸುವ ಗಾಜಿನ ಸೆಟ್ ಒಂದು ಆನ್‌ಲೈನ್‌ನಲ್ಲಿ ಹೆಸರಾಂತ ಕಂಪನಿಯ ಬೆಲೆಯ ಮೂರನೇ ಒಂದು ಭಾಗಕ್ಕೆ ಸಿಗುತ್ತಿದೆ, ‘ಬೋರೋಸಿಲಿಕೇಟ್ 3.3’ ಎಂದೂ ಬರೆದಿದ್ದಾರೆ. ಗಾಜೆಲ್ಲ ಒಂದೇ, ಹೆಸರಿಗೆ ದುಡ್ಡು ಸುರಿಯಬೇಡಿ ಎಂದು ಕೆಲವು ವಿಡಿಯೊಗಳಲ್ಲಿ ಹೇಳುತ್ತಾರೆ. ನನಗೆ ಕಾಲೇಜಿನಲ್ಲಿ ಪಾಠ ಹೇಳಿದ ಮೇಷ್ಟ್ರು ಮಾತ್ರ ಅಗ್ಗದ್ದನ್ನು ಮುಟ್ಟಲೇಬೇಡ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಗಾಜಿನ ಜಾತಿಯ ಮಟ್ಟಿಗೆ ವಿಡಿಯೊ ಮಾಡುವವರ ಮಾತು ಬಹುಪಾಲು ಸರಿ, ಆ ಗಾಜಿನ ಮೇಲೆ ನಡೆದ ಕೆಲಸದ ಮಟ್ಟಿಗೆ ನಿಮ್ಮ ಮೇಷ್ಟ್ರ ಮಾತು ಸರಿ. ಪ್ರಯೋಗಾಲಯದ ಸಾಮಾನೆಂದು ಇಂದು ಮಾರಾಟವಾಗುವ ಅಗ್ಗದ ಫ್ಲಾಸ್ಕ್, ಆವಿಯನ್ನು ತಣಿಸಿ ದ್ರವವಾಗಿಸುವ ಕಂಡೆನ್ಸರ್‌ಗಳಲ್ಲಿ ಹೆಚ್ಚಿನವು ನಿಜವಾಗಿಯೂ ಬಿಸಿಗೆ ಕಡಿಮೆ ಹಿಗ್ಗುವ ಬೋರೋಸಿಲಿಕೇಟ್ ಗಾಜಿನವೇ ಆಗಿರುತ್ತವೆ. ಆದರೆ ಫ್ಲಾಸ್ಕ್ ಉಳಿಯುತ್ತದೆಯೋ ಒಡೆಯುತ್ತದೆಯೋ ಎಂಬುದನ್ನು ಗಾಜಿನ ಜಾತಿಯೊಂದೇ ನಿರ್ಧರಿಸುವುದಿಲ್ಲ. ಗೋಡೆಯ ದಪ್ಪ ಎಲ್ಲ ಕಡೆಯೂ ಸಮವಾಗಿದೆಯೇ, ಬೆಸುಗೆಯಾದ ಮೇಲೆ ಕುಲುಮೆಯಲ್ಲಿಟ್ಟು ನಿಧಾನವಾಗಿ ಆರಿಸಿದ್ದಾರೆಯೇ, ಒಂದು ಸಾಮಾನನ್ನು ಇನ್ನೊಂದಕ್ಕೆ ಕೂಡಿಸುವ ಜಾಯಿಂಟುಗಳನ್ನು ಸರಿಯಾದ ಓರೆಗೆ ಉಜ್ಜಿದ್ದಾರೆಯೇ ಎಂಬುದೂ ಅಷ್ಟೇ ಮುಖ್ಯ. ಹೆಸರಾಂತ ಕಂಪನಿಗೆ ನೀವು ಹೆಚ್ಚಾಗಿ ಕೊಡುವ ಹಣದ ದೊಡ್ಡ ಪಾಲು ಈ ಕೆಲಸಕ್ಕೂ, ಕೆಟ್ಟ ನಗಗಳನ್ನು ಆರಿಸಿ ಬಿಸಾಡುವ ತಪಾಸಣೆಗೂ ಸಲ್ಲುತ್ತದೆ. ಅಗ್ಗದ ಸೆಟ್ ಕೊಂಡರೆ ಆ ತಪಾಸಣೆಯ ಹೊಣೆ ನಿಮ್ಮ ಹೆಗಲಿಗೆ ಬರುತ್ತದೆ. ಅದನ್ನು ಮನೆಯಲ್ಲಿಯೇ, ಹೆಚ್ಚು ಖರ್ಚಿಲ್ಲದೆ ಮಾಡಬಹುದು ಎಂಬ ಕಾರಣಕ್ಕೇ ನಾನು ಅಗ್ಗದ್ದು ಬೇಡವೇ ಬೇಡ ಎಂದು ಹೇಳುತ್ತಿಲ್ಲ.

ಮೊದಲು ವಿಡಿಯೊಗಳ ವಿಷಯ. ನೈಲ್‌ರೆಡ್ ಎಂಬ ಹೆಸರಿನಲ್ಲಿ ಪ್ರಸಿದ್ಧರಾದ ಕೆನಡಾದ ನೈಜೆಲ್ ಬ್ರೌನ್ ಮನೆಯ ಗ್ಯಾರೇಜಿನಲ್ಲಿ ಕೆಲಸ ಆರಂಭಿಸಿ, ಈಗ ವಿಷಾನಿಲವನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್ ಇರುವ ಸುಸಜ್ಜಿತ ಪ್ರಯೋಗಾಲಯದಲ್ಲಿ ಪ್ರಯೋಗ ಮಾಡುತ್ತಾರೆ. ಆಸ್ಟ್ರೇಲಿಯಾದ ಎಕ್ಸ್‌ಪ್ಲೋಷನ್ಸ್ ಅಂಡ್ ಫೈರ್ ಚಾನೆಲ್ ಶೆಡ್ಡಿನೊಳಗಿನ ಕಡಿಮೆ ಖರ್ಚಿನ ರಸಾಯನಶಾಸ್ತ್ರಕ್ಕೇ ಹೆಸರಾಗಿದೆ. ಇವರ ಬಗ್ಗೆ ನನಗೆ ನಿಜವಾದ ಗೌರವವಿದೆ; ಸೋತ ಪ್ರಯೋಗವನ್ನೂ, ಕಡಿಮೆ ಬಂದ ಇಳುವರಿಯನ್ನೂ ಮುಚ್ಚಿಡದೆ ತೋರಿಸುವ ಪದ್ಧತಿಯನ್ನು ನಮ್ಮ ಕಾಲೇಜುಗಳ ಪ್ರಾಯೋಗಿಕ ತರಗತಿಗಳು ಇವರಿಂದ ಕಲಿಯಬೇಕು. ಆದರೂ ಗಾಜಿನ ಗುಣಮಟ್ಟಕ್ಕೆ ವಿಡಿಯೊ ಸಾಕ್ಷಿಯಾಗಲಾರದು. ಹಲವು ದಿನಗಳ ಕೆಲಸ ಅರ್ಧ ಗಂಟೆಯ ವಿಡಿಯೊ ಆಗುವಾಗ ಯಾವ ಫ್ಲಾಸ್ಕನ್ನು ಯಾಕೆ ಬದಲಿಸಿದರು, ಯಾವುದನ್ನು ನೋಡಿದ ಕೂಡಲೇ ಪಕ್ಕಕ್ಕಿಟ್ಟರು ಎಂಬುದು ಕತ್ತರಿಗೆ ಹೋಗಿರುತ್ತದೆ. ಕೆಲವೊಮ್ಮೆ ಗಾಜಿನ ಸಾಮಾನನ್ನು ಮಾರಾಟಗಾರರೇ ಕೊಟ್ಟಿರುತ್ತಾರೆ, ಕೊಡುವಾಗ ಒಳ್ಳೆಯ ನಗವನ್ನೇ ಆರಿಸಿರುತ್ತಾರೆ. ಇನ್ನು ಗಾಜು ಬೇಗ ಆರಿದಾಗ ಅದರೊಳಗೆ ಉಳಿದುಬಿಡುವ ಎಳೆತ, ಅಂದರೆ ಬಿಗಿತ, ಕ್ಯಾಮೆರಾಕ್ಕೆ ಕಾಣಿಸುವುದೇ ಇಲ್ಲ. ಹದಗೆಟ್ಟ ಫ್ಲಾಸ್ಕೂ ಬೆಳಕಿನಲ್ಲಿ ಒಳ್ಳೆಯ ಫ್ಲಾಸ್ಕಿನಷ್ಟೇ ಹೊಳೆಯುತ್ತದೆ.

ನೋಡುಗರು ಗಮನಿಸದೆ ಬಿಡುವ ಇನ್ನೊಂದು ಸಂಗತಿಯೂ ಇದೆ. ನರ್ಡ್‌ರೇಜ್ ಚಾನೆಲ್‌ನಲ್ಲಿ ವಿದ್ಯುತ್ತಿನ ನೆರವಿಲ್ಲದೆ, ಮೆಂಥಾಲನ್ನು ವೇಗವರ್ಧಕವಾಗಿ ಬಳಸಿ, ಸೋಡಿಯಂ ಹೈಡ್ರಾಕ್ಸೈಡಿನಿಂದ ಸೋಡಿಯಂ ಲೋಹ ತೆಗೆಯುವುದನ್ನು ತೋರಿಸಿದ್ದಾರೆ. ಬಿಸಿಯಾದ ಸೋಡಿಯಂ ಹೈಡ್ರಾಕ್ಸೈಡ್ ಎಂಥ ದುಬಾರಿ ಬೋರೋಸಿಲಿಕೇಟನ್ನಾದರೂ ಕೊರೆಯುತ್ತದೆ. ಅಂಥ ಕೆಲಸಕ್ಕೆ ಇಳಿಸಿದ ಫ್ಲಾಸ್ಕಿನ ಆಯುಷ್ಯ ಅಲ್ಲಿಗೆ ಮುಗಿಯಿತೆಂದೇ ಅನುಭವಿಗಳು ಲೆಕ್ಕ ಹಾಕುತ್ತಾರೆ, ಅದನ್ನು ಮತ್ತೆ ನಿರ್ವಾತಕ್ಕೆ ಒಡ್ಡುವುದಿಲ್ಲ. ಬಲಿ ಕೊಡಲೆಂದೇ ಅಗ್ಗದ ಫ್ಲಾಸ್ಕ್ ಕೊಳ್ಳುವುದು ಜಾಣತನ. ಅದನ್ನು ನೋಡಿ, ಎಲ್ಲ ಕೆಲಸಕ್ಕೂ ಅಗ್ಗದ ಫ್ಲಾಸ್ಕ್ ಸಾಕೆಂದುಕೊಳ್ಳುವುದು ಬೇರೆಯೇ ಮಾತು.

ಗಾಜಿನ ಜಾತಿಯ ಬಗ್ಗೆ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಬೋರೋಸಿಲಿಕೇಟ್ ಗಾಜಿನ ಮೂಲ 19ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಯೇನಾ ಊರಿನಲ್ಲಿ ಒಟ್ಟೊ ಶಾಟ್ ನಡೆಸಿದ ಕೆಲಸದಲ್ಲಿದೆ. ಅಮೆರಿಕದ ಕಾರ್ನಿಂಗ್ ಕಂಪನಿ 1915ರಲ್ಲಿ ಪೈರೆಕ್ಸ್ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು, ಅದೇ ಕಾರ್ನಿಂಗ್‌ನ ಸಹಯೋಗದಲ್ಲಿ 1962ರಲ್ಲಿ ನಮ್ಮ ದೇಶದ ಬೊರೊಸಿಲ್ ಆರಂಭವಾಯಿತು. ‘3.3’ ಎಂಬ ಅಂಕಿ ಗಾಜು ಬಿಸಿಗೆ ಹಿಗ್ಗುವ ಪ್ರಮಾಣ: ಒಂದು ಡಿಗ್ರಿ ಬಿಸಿ ಏರಿದರೆ ಉದ್ದ ಹತ್ತು ಲಕ್ಷದಲ್ಲಿ 3.3 ಭಾಗ ಹೆಚ್ಚುತ್ತದೆ. ಐಎಸ್‌ಒ 3585 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವುದು ಈ ಗಾಜನ್ನೇ. ಕಿಟಕಿ, ಬಾಟಲಿಗಳ ಸಾಮಾನ್ಯ ಸೋಡಾ ಗಾಜಿನಲ್ಲಿ ಅದೇ ಅಂಕಿ ಸುಮಾರು 9. ಒಳಗೂ ಹೊರಗೂ 100 ಡಿಗ್ರಿ ವ್ಯತ್ಯಾಸ ಬಿದ್ದರೆ ಬೋರೋಸಿಲಿಕೇಟಿನ ಮೇಲ್ಮೈಯಲ್ಲಿ ಹೆಚ್ಚೆಂದರೆ 26 ಮೆಗಾಪಾಸ್ಕಲ್‌ನಷ್ಟು ಎಳೆತ ಹುಟ್ಟುತ್ತದೆ, ಸೋಡಾ ಗಾಜಿನಲ್ಲಿ 80ಕ್ಕೂ ಹೆಚ್ಚು. ಬಳಸಿ ಗೀರು ಬಿದ್ದ ಗಾಜು ಕೆಲವು ಹತ್ತು ಮೆಗಾಪಾಸ್ಕಲ್‌ಗಳಿಗೇ ಸೀಳುವುದರಿಂದ ಈ ವ್ಯತ್ಯಾಸ ಚಿಕ್ಕದಲ್ಲ.

ಅಗ್ಗದ ಮಾಲಿನಲ್ಲಿ ಗಾಜಿನ ಜಾತಿ ಸಾಮಾನ್ಯವಾಗಿ ಸರಿಯಾಗಿಯೇ ಇರುವುದಕ್ಕೆ ಕಾರಣವಿದೆ. ಚೀನಾದಲ್ಲಾಗಲಿ, ವಿಜ್ಞಾನ ಉಪಕರಣಗಳಿಗೆ ಹೆಸರಾದ ಹರಿಯಾಣದ ಅಂಬಾಲಾದಲ್ಲಾಗಲಿ, ಸಣ್ಣ ಕಾರ್ಯಾಗಾರದವರು ಗಾಜನ್ನು ತಾವೇ ಕರಗಿಸಿ ತಯಾರಿಸುವುದಿಲ್ಲ. ದೊಡ್ಡ ಕಾರ್ಖಾನೆಯಿಂದ ಬೋರೋಸಿಲಿಕೇಟ್ ಕೊಳವೆಗಳನ್ನು ಕೊಂಡು, ಬರ್ನರ್ ಮುಂದೆ ಕುಳಿತು ಊದಿ ಬೆಸೆಯುತ್ತಾರೆ. ಒಂದು ತುಂಡು ಬೋರೋಸಿಲಿಕೇಟ್, ಇನ್ನೊಂದು ತುಂಡು ಸೋಡಾ ಗಾಜು ಎಂದು ಬೆರೆಸಿ ಬೆಸೆದರೆ ತಣ್ಣಗಾಗುವಾಗಲೇ ಬೆಸುಗೆ ಸಿಡಿದುಹೋಗುತ್ತದೆ. ಹಾಗಾಗಿ ಕಂಡೆನ್ಸರ್‌ನಂಥ ಬೆಸೆದ ಸಾಮಾನಿನಲ್ಲಿ ಮೋಸಕ್ಕೆ ಅವಕಾಶ ಕಡಿಮೆ. ಬೀಕರ್, ಅಳತೆ ಜಾಡಿ, ಟೆಸ್ಟ್ ಟ್ಯೂಬ್, ಗಾಜಿನ ಕಡ್ಡಿಗಳಲ್ಲಿ ಸೋಡಾ ಗಾಜು ಬರಬಹುದು. ಬಾಟಲಿ, ಜಾಡಿಗಳನ್ನು ಅಡುಗೆಮನೆಯಿಂದ ತಂದು ಕಾಯಿಸಬೇಡಿ. ಅಮೆರಿಕದಲ್ಲಿ ಮಾರುವ ಪೈರೆಕ್ಸ್ ಹೆಸರಿನ ಅಡುಗೆ ಪಾತ್ರೆಗಳೂ ಇಂದು ಹದಗೊಳಿಸಿದ ಸೋಡಾ ಗಾಜಿನವೇ.

ಅನುಮಾನವಿದ್ದರೆ ಎರಡು ಪರೀಕ್ಷೆಗಳಿವೆ. ಬೋರೋಸಿಲಿಕೇಟ್ 3.3ರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಪ್ರಮಾಣ) 1.473ರ ಆಸುಪಾಸು, ಮೆಡಿಕಲ್ ಅಂಗಡಿಯ ಶುದ್ಧ ಗ್ಲಿಸರಿನ್‌ನದೂ ಅಷ್ಟೇ, ಸೂರ್ಯಕಾಂತಿ ಎಣ್ಣೆಯದೂ ಅದಕ್ಕೆ ಬಹಳ ಹತ್ತಿರ. ಗಾಜಿನ ಕಡ್ಡಿಯನ್ನೋ ಚಿಕ್ಕ ಟೆಸ್ಟ್ ಟ್ಯೂಬನ್ನೋ ಅದರಲ್ಲಿ ಪೂರ್ತಿ ಮುಳುಗಿಸಿದರೆ (ಟ್ಯೂಬಿನ ಒಳಗೂ ದ್ರವ ತುಂಬಿರಬೇಕು) ಬೋರೋಸಿಲಿಕೇಟ್ ಬಹುತೇಕ ಕಣ್ಮರೆಯಾಗುತ್ತದೆ, 1.52ರ ಸೋಡಾ ಗಾಜಿನ ಅಂಚು ಸ್ಪಷ್ಟವಾಗಿ ಕಾಣುತ್ತಲೇ ಇರುತ್ತದೆ. ಇದು ನಿಮ್ಮ ಮಕ್ಕಳಿಗೆ ತೋರಿಸಲೂ ಬಹಳ ಚೆನ್ನಾಗಿರುವ ಪ್ರಯೋಗ. ದೊಡ್ಡ ಸಾಮಾನಿಗೆ ಸಾಂದ್ರತೆ ನೋಡಿ. ತಕ್ಕಡಿಯ ಮೇಲೆ ನೀರಿನ ಪಾತ್ರೆಯಿಟ್ಟು ಸೊನ್ನೆಗೆ ತನ್ನಿ, ಗಾಜನ್ನು ದಾರದಲ್ಲಿ ಕಟ್ಟಿ ತಳಕ್ಕೂ ಗೋಡೆಗೂ ತಾಗದಂತೆ, ಗಾಳಿಗುಳ್ಳೆ ಉಳಿಯದಂತೆ ನೀರಿನೊಳಗೆ ಇಳಿಬಿಡಿ. ಆಗ ತಕ್ಕಡಿ ತೋರಿಸುವುದು ಸ್ಥಳಾಂತರಗೊಂಡ ನೀರಿನ ತೂಕ. 100 ಗ್ರಾಂ ತೂಗುವ ಬೀಕರ್ ಬೋರೋಸಿಲಿಕೇಟಿನದಾದರೆ ಸುಮಾರು 45 ಗ್ರಾಂ ಬರುತ್ತದೆ, ಸೋಡಾ ಗಾಜಾದರೆ ಸುಮಾರು 40. ಅಂಚಿನ ಹಸಿರು ಛಾಯೆ ನೋಡಿ ಹೇಳುವ ರೂಢಿಯನ್ನು ಮಾತ್ರ ನಂಬಬೇಡಿ; ಕಬ್ಬಿಣದ ಅಂಶ ಕಡಿಮೆಯಿರುವ ಸೋಡಾ ಗಾಜು ಹಸಿರಾಗಿ ಕಾಣುವುದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕರಗಿದ ಗಾಜು ಗಾಳಿಗೆ ಬೇಗ ಆರಿದರೆ ಹೊರಪದರ ಮೊದಲು ಗಟ್ಟಿಯಾಗುತ್ತದೆ, ಒಳಪದರ ಆಮೇಲೆ ಕುಗ್ಗಲು ಹೊರಟಾಗ ಹೊರಪದರ ಅದನ್ನು ಬಿಡುವುದಿಲ್ಲ. ಈ ಎಳೆದಾಟ ಗಾಜಿನೊಳಗೆ ಶಾಶ್ವತವಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಇದನ್ನು ಬಿಡಿಸಲು ಇಡೀ ಸಾಮಾನನ್ನು ಕುಲುಮೆಯಲ್ಲಿಟ್ಟು ಸುಮಾರು 560 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಬಿಗಿತ ಸಡಿಲಾಗುವಷ್ಟು ಹೊತ್ತು ಅಲ್ಲಿಯೇ ಬಿಟ್ಟು, ಅನಂತರ ಸುಮಾರು 510 ಡಿಗ್ರಿಗಿಂತ ಕೆಳಗಿಳಿಯುವವರೆಗೆ ಬಹಳ ನಿಧಾನವಾಗಿ ತಣಿಸಬೇಕು. ಅನೀಲಿಂಗ್ ಎಂದು ಕರೆಯುವ ಈ ಹಂತಕ್ಕೆ ಕುಲುಮೆ ಬೇಕು, ಇಂಧನ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಸಮಯ ಬೇಕು. ಬೆಲೆ ಇಳಿಸಬೇಕಾದಾಗ ಮೊದಲು ಕತ್ತರಿ ಬೀಳುವುದು ಇಲ್ಲಿಯೇ. ಬರ್ನರಿನ ಮೆತ್ತನೆಯ ಜ್ವಾಲೆಯಲ್ಲಿ ನಾಲ್ಕು ಸುತ್ತು ತಿರುಗಿಸಿ ಪಕ್ಕಕ್ಕಿಟ್ಟರೂ ಸಾಮಾನು ಅಂದಿಗೆ ಒಡೆಯುವುದಿಲ್ಲ, ಡಬ್ಬಿ ಸೇರುತ್ತದೆ, ನಿಮ್ಮ ಮನೆಗೂ ಬರುತ್ತದೆ. ಗಾಳಿಯ ತೇವ ಬಿಗಿತವಿರುವ ಗಾಜಿನ ಸಣ್ಣ ಗೀರುಗಳನ್ನು ನಿಧಾನವಾಗಿ ಬೆಳೆಸುತ್ತದೆಯಾದ್ದರಿಂದ, ಯಾರೂ ಮುಟ್ಟದೆ ಕಪಾಟಿನಲ್ಲಿದ್ದ ಫ್ಲಾಸ್ಕಿನಲ್ಲಿ ಒಂದು ಬೆಳಿಗ್ಗೆ ಉದ್ದನೆಯ ಬಿರುಕು ಕಾಣುವುದೂ ಉಂಟು.

ಈ ಬಿಗಿತವನ್ನು ಕಣ್ಣಿಗೆ ಕಾಣುವಂತೆ ಮಾಡುವ ಉಪಾಯ ನಿಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿಯೇ ಇದೆ. ಎಲ್‌ಸಿಡಿ ಮಾನಿಟರಿನಿಂದ ಬರುವುದು ಒಂದೇ ದಿಕ್ಕಿನಲ್ಲಿ ಕಂಪಿಸುವ, ಅಂದರೆ ಧ್ರುವೀಕೃತ (ಪೋಲರೈಜ್ಡ್), ಬೆಳಕು. ಪರದೆಯನ್ನು ಪೂರ್ತಿ ಬಿಳಿಯಾಗಿಸಿ, ಕೋಣೆಯ ದೀಪ ಆರಿಸಿ, ಪೋಲರೈಜ್ಡ್ ತಂಪು ಕನ್ನಡಕವನ್ನೋ ಪೋಲರೈಸಿಂಗ್ ಹಾಳೆಯ ತುಂಡನ್ನೋ ಕಣ್ಣಿನ ಮುಂದೆ ಹಿಡಿದು, ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ಪರದೆಗೂ ನಿಮಗೂ ನಡುವೆ ಗಾಜಿನ ಸಾಮಾನನ್ನು ಹಿಡಿದು ನಿಧಾನವಾಗಿ ಹೊರಳಿಸುತ್ತಾ ನೋಡಿ. ಬಿಗಿತವಿಲ್ಲದ ಗಾಜು ಕಪ್ಪಾಗಿಯೇ ಉಳಿಯುತ್ತದೆ; ಬಿಗಿತವಿರುವ ಜಾಗ ಬೆಳ್ಳಗೆ ಹೊಳೆಯುತ್ತದೆ, ಅದು ಜೋರಾಗಿದ್ದರೆ ಬಣ್ಣದ ಪಟ್ಟೆಗಳೇ ಮೂಡುತ್ತವೆ. ಕಣ್ಣಿಗೆ ಅಭ್ಯಾಸವಾಗಲು ಮೊದಲು ಜಾಮೆಟ್ರಿ ಪೆಟ್ಟಿಗೆಯ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ಹಿಡಿದು ನೋಡಿ, ಅಚ್ಚಿನಲ್ಲಿ ಉಳಿದ ಬಿಗಿತದಿಂದ ಅದರಲ್ಲಿ ಕಾಮನಬಿಲ್ಲಿನ ಬಣ್ಣಗಳು ಕಾಣುತ್ತವೆ. ದುಂಡನೆಯ ಗಾಜಿನ ಅಂಚುಗಳಲ್ಲಿ ಬೆಳಕು ಬಾಗುವುದರಿಂದ ತೆಳ್ಳಗಿನ ಹೊಳಪು ಸಹಜವಾಗಿಯೇ ಇರುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಬೆಸುಗೆಯ ಸುತ್ತ ಬೀಸಣಿಗೆಯಂತೆ ಹರಡಿದ ಬೆಳಕು, ಫ್ಲಾಸ್ಕಿನ ಕತ್ತು ಒಡಲನ್ನು ಸೇರುವಲ್ಲಿ ಒಂದೇ ಬದಿಗೆ ಕಾಣುವ ಉಜ್ವಲ ಕಲೆ, ಇವುಗಳನ್ನು ಹುಡುಕಿ. ಅಂಥ ನಗ ಸಿಕ್ಕರೆ ಫೋಟೊ ತೆಗೆದು ವಾಪಸು ಕಳಿಸಿ.

ಕಂಡೆನ್ಸರ್ ಅನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಬೇಕು. ಲೀಬಿಗ್ ಕಂಡೆನ್ಸರಿನ ಒಳಗೊಳವೆ ಹೊರ ಹೊದಿಕೆಯನ್ನು ಸೇರುವ ಎರಡು ತುದಿಗಳಲ್ಲಿ ಉಂಗುರದ ಆಕಾರದ ಬೆಸುಗೆಯಿರುತ್ತದೆ. ಒಂದು ಕೊಳವೆಯನ್ನು ಇನ್ನೊಂದರೊಳಗೆ ಹಿಡಿದು, ಎರಡನ್ನೂ ಒಂದೇ ಹದಕ್ಕೆ ಕಾಯಿಸಿ ಕೂಡಿಸುವುದು ಗಾಜು ಊದುವವರ ಕೆಲಸದಲ್ಲಿ ಕಷ್ಟದ ಭಾಗ. ನಾನು ಕೆಲಸ ಮಾಡಿದ ಕಾಲೇಜಿಗೆ ಒಮ್ಮೆ ಕಡಿಮೆ ದರದ ಟೆಂಡರಿನಲ್ಲಿ ಬಂದ ಕಂಡೆನ್ಸರೊಂದರ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿದಾಗ, ಉಂಗುರದ ಅರ್ಧ ಭಾಗ ನುಣ್ಣಗೆ ಕೂಡಿಕೊಂಡಿತ್ತು. ಉಳಿದರ್ಧದಲ್ಲಿ ಗಾಜು ಮಡಿಸಿ ಅಂಟಿಸಿದಂತಿದ್ದು, ಮಡಿಕೆಯ ಬುಡದಲ್ಲಿ ಕೂದಲೆಳೆಯಷ್ಟು ಸಂದು ಕಾಣುತ್ತಿತ್ತು. ತಣ್ಣೀರಿನಲ್ಲಿ ಅದು ಎಷ್ಟು ದಿನವಾದರೂ ಸೋರುತ್ತಿರಲಿಲ್ಲ. ಬಿಸಿ ಆವಿ ಒಳಗೆ, ತಣ್ಣೀರು ಹೊರಗೆ ಇರುವ ಹೊತ್ತಿನಲ್ಲಿ ಆ ಸಂದೇ ಬಿರುಕಾಗಿ ಸುತ್ತಲೂ ಓಡುತ್ತದೆ, ಕಂಡೆನ್ಸರ್ ಫ್ಲಾಸ್ಕಿನ ಮೇಲೆ ನೆಟ್ಟಗೆ ನಿಂತಿದ್ದರೆ ತಂಪು ನೀರು ನೇರವಾಗಿ ಬಿಸಿ ಫ್ಲಾಸ್ಕಿಗೆ ಇಳಿಯುತ್ತದೆ. ಫ್ಲಾಸ್ಕಿನಲ್ಲಿ ಬರೀ ನೀರಿದ್ದರೆ ಅದು ನಷ್ಟ ಮಾತ್ರ; ಕಾದ ಗಂಧಕಾಮ್ಲವಿದ್ದರೆ ಮೈಮೇಲೆ ಎರಚುತ್ತದೆ. ಅಂದ ಮೇಲೆ ನಾನು ಹಣ ಉಳಿಸಲು ಒಪ್ಪದ ಮೊದಲ ಸಾಮಾನು ಕಂಡೆನ್ಸರ್.

ಜಾಯಿಂಟುಗಳಿಗೆ ಬರೋಣ. ನಮ್ಮಲ್ಲಿ ಬಿ 24, ಬಿ 19, ಬಿ 14 ಎಂದು ಕರೆಯುವುದನ್ನೇ ವಿದೇಶಿ ಪಟ್ಟಿಗಳಲ್ಲಿ 24/29, 19/26, 14/23 ಎಂದು ಬರೆದಿರುತ್ತಾರೆ. ಮೊದಲ ಅಂಕಿ ಅಗಲದ ತುದಿಯ ವ್ಯಾಸ, ಎರಡನೆಯದು ಉಜ್ಜಿದ ಭಾಗದ ಉದ್ದ, ಎರಡೂ ಮಿಲಿಮೀಟರಿನಲ್ಲಿ. ಅಮೆರಿಕ, ಕೆನಡಾದ ವಿಡಿಯೊಗಳಲ್ಲಿ ಕಾಣುವುದು ಹೆಚ್ಚಾಗಿ 24/40. ಓರೆ ಎಲ್ಲದರಲ್ಲಿಯೂ ಹತ್ತಕ್ಕೆ ಒಂದೇ ಆದ್ದರಿಂದ 24/40ರ ಗಂಡು ಭಾಗ 24/29ರ ಹೆಣ್ಣು ಭಾಗದೊಳಗೆ ಕೂರುತ್ತದೆ, ತುದಿ ಮಾತ್ರ ಸುಮಾರು 11 ಮಿಲಿಮೀಟರ್ ಒಳಗೆ ಚಾಚಿಕೊಂಡಿರುತ್ತದೆ. ಆದರೂ ಸೆಟ್ ಕೊಳ್ಳುವಾಗ ಒಂದೇ ಅಳತೆಗೆ ಅಂಟಿಕೊಳ್ಳಿ. ಇಲ್ಲಿ ಮುಂದೆ ಒಂದೊಂದೇ ಸಾಮಾನು ಸೇರಿಸಿಕೊಳ್ಳುವಾಗ ಸುಲಭವಾಗಿ ಸಿಗುವುದು ಬಿ 24.

ಓರೆ ಸರಿಯಿದೆಯೇ ಎಂದು ತಿಳಿಯಲು ಎರಡೂ ಭಾಗಗಳನ್ನು ಒರೆಸಿ, ಗ್ರೀಸ್ ಹಚ್ಚದೆ ಕೂಡಿಸಿ, ಬೆರಳ ತುದಿಯಲ್ಲಿ ಅಕ್ಕಪಕ್ಕಕ್ಕೆ ಅಲ್ಲಾಡಿಸಿ. ಒಳ್ಳೆಯ ಜಾಯಿಂಟ್ ಕದಲುವುದಿಲ್ಲ. ಸಣ್ಣಗೆ ‘ಟಕ್’ ಎಂದು ಸದ್ದಾದರೆ ಎರಡರ ಓರೆ ಬೇರೆ ಬೇರೆ, ಅವು ಮೇಲೋ ಕೆಳಗೋ ಒಂದು ಕಡೆ ಮಾತ್ರ ತಾಗುತ್ತಿವೆ. ಯಾವ ಕಡೆ ಎಂದು ಗೊತ್ತಾಗಲು ಗಂಡು ಭಾಗದ ಮೇಲೆ ಪೆನ್ಸಿಲಿನಿಂದ ಉದ್ದಕ್ಕೆ ನಾಲ್ಕು ಗೆರೆ ಎಳೆದು, ಕೂಡಿಸಿ, ಸ್ವಲ್ಪ ತಿರುಗಿಸಿ ತೆಗೆಯಿರಿ. ಗೆರೆ ಉದ್ದಕ್ಕೂ ಸಮವಾಗಿ ಅಳಿಸಿದ್ದರೆ ಸರಿ. ಕೊನೆಗೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಹಚ್ಚಿ ಕೂಡಿಸಿದಾಗ ಮಬ್ಬಾಗಿದ್ದ ಉಜ್ಜಿದ ಭಾಗ ಸುತ್ತಲೂ ಪಾರದರ್ಶಕವಾಗಬೇಕು. ಬೆಳ್ಳಗಿನ ಗೆರೆಯೊಂದು ಮೇಲಿಂದ ಕೆಳಗಿನವರೆಗೆ ಉಳಿದರೆ ಆವಿ ಹೊರಬರುವ ದಾರಿ ಅದೇ. ಉರಿಯುವ ದ್ರಾವಕವನ್ನು ಬಟ್ಟಿ ಇಳಿಸುವಾಗ ಆ ಸಣ್ಣ ದಾರಿ ಹೀಟರಿನ ನೇರಕ್ಕೆ ಇದ್ದರೆ ಬೆಂಕಿ ಹತ್ತಲು ಅಷ್ಟು ಸಾಕು. ಅಗ್ಗದ ಸೆಟ್‌ಗಳಲ್ಲಿ ನಾನು ಹೆಚ್ಚಾಗಿ ಕಂಡ ದೋಷ ಇದೇ, ಗಾಜು ಚೆನ್ನಾಗಿದ್ದಾಗಲೂ ಜಾಯಿಂಟ್ ಸರಿಯಾಗಿ ಕೂರದಿರುವುದು. ಒಂದು ಗಂಡು ಭಾಗ ಕೆಟ್ಟದಿದ್ದರೆ ಅದಕ್ಕೆ ಟೆಫ್ಲಾನಿನ ತೆಳು ಕವಚ (ಸ್ಲೀವ್) ತೊಡಿಸಿ ಸುಧಾರಿಸಬಹುದು. ಹೆಣ್ಣು ಭಾಗ ಕೆಟ್ಟರೆ ಇಡೀ ಫ್ಲಾಸ್ಕೇ ಕೆಟ್ಟಂತೆ.

ವಿಡಿಯೊಗಳಲ್ಲಿ ಜಾಯಿಂಟಿಗೆ ಸಿಕ್ಕಿಸಿದ ಬಣ್ಣದ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ನೀವು ನೋಡಿರುತ್ತೀರಿ, 24ರ ಅಳತೆಗೆ ಹಸಿರು, 19ಕ್ಕೆ ನೀಲಿ. ಅವು ಪಾಲಿಅಸಿಟಾಲ್ ಎಂಬ ಪ್ಲಾಸ್ಟಿಕ್ಕಿನವು. ಸುಮಾರು 140 ಡಿಗ್ರಿ ದಾಟಿದರೆ ಹಿಡಿತ ಬಿಡುತ್ತವೆ. ಫ್ಲಾಸ್ಕಿನ ಕತ್ತಿಗೆ ಸ್ಟ್ಯಾಂಡಿನ ಕ್ಲ್ಯಾಂಪ್ ಇರಲಿ, ಕ್ಲಿಪ್ಪನ್ನು ಕಂಡೆನ್ಸರಿನ ತಂಪು ಬದಿಗೆ ಬಳಸಿ.

ಸ್ಟಾಪ್‌ಕಾಕ್‌ಗಳಲ್ಲಿ (ದ್ರವವನ್ನು ಬಿಡುವ, ನಿಲ್ಲಿಸುವ ನಲ್ಲಿಗಳು) ಗಾಜಿನದಕ್ಕಿಂತ ಟೆಫ್ಲಾನಿನದು ಅಗ್ಗದ ಸಾಮಾನಿನಲ್ಲಿ ಎಷ್ಟೋ ಮೇಲು, ಏಕೆಂದರೆ ಗಾಜಿನ ತಿರುಪನ್ನು ಅದರ ಗೂಡಿಗೆ ಹೊಂದುವಂತೆ ಉಜ್ಜಬೇಕಾದ ಶ್ರಮ ಇಲ್ಲಿ ಬೇಕಿಲ್ಲ. ಬೆರೆಯದ ದ್ರವಗಳನ್ನು ಬೇರ್ಪಡಿಸುವ ಸೆಪರೇಟಿಂಗ್ ಫನಲನ್ನು ನೀರಿನಲ್ಲಿ ಪರೀಕ್ಷಿಸಿ ಸುಮ್ಮನಾಗಬೇಡಿ, ನೀರು ಸೋರದ ಸಂದಿನಲ್ಲಿ ಅಸಿಟೋನ್ ಸೋರುತ್ತದೆ. ಟೆಫ್ಲಾನ್ ಗಾಜಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುವುದರಿಂದ, ಕೆಲಸ ಮುಗಿದ ಮೇಲೆ ಅದರ ಬಿರಡೆಯನ್ನು ಸ್ವಲ್ಪ ಸಡಿಲಿಸಿ ಇಡಿ.

ಅಳತೆಯ ಸಾಮಾನಿನ ಕಥೆ ಬೇರೆ. ಅಲ್ಲಿ ಅಪಾಯ ಒಡೆಯುವುದರಲ್ಲಿಲ್ಲ, ನಿಮಗೆ ತಿಳಿಯದಂತೆ ತಪ್ಪು ಅಂಕಿ ಕೊಡುವುದರಲ್ಲಿದೆ. ಹೆಚ್ಚು ನಿಖರವಾದ ‘ಎ’ ದರ್ಜೆಯ 100 ಮಿಲಿಲೀಟರಿನ ವಾಲ್ಯುಮೆಟ್ರಿಕ್ ಫ್ಲಾಸ್ಕಿಗೆ ±0.1 ಮಿ.ಲೀ. ತಪ್ಪಿಗೆ ಅವಕಾಶವಿದೆ, ‘ಬಿ’ ದರ್ಜೆಗೆ ಅದರ ಎರಡು ಪಟ್ಟು. 50 ಮಿಲಿಲೀಟರಿನ ‘ಎ’ ದರ್ಜೆಯ ಬ್ಯುರೆಟ್ಟಿಗೆ ±0.05. ಬೀಕರ್, ಕಾನಿಕಲ್ ಫ್ಲಾಸ್ಕುಗಳ ಮೇಲಿನ ಗೆರೆಗಳು ನೂರಕ್ಕೆ ಐದರಷ್ಟು ಹೆಚ್ಚುಕಡಿಮೆಯಿರುವ ಅಂದಾಜುಗಳು, ದುಬಾರಿಯವಾದರೂ ಅಷ್ಟೇ. ‘ಎ’ ಎಂಬ ಅಕ್ಷರವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಆದ್ದರಿಂದ ತೂಗಿ ನೋಡಿ. ಒಣಗಿದ ಫ್ಲಾಸ್ಕನ್ನು ತೂಗಿ, ಗೆರೆಯವರೆಗೆ ಬಟ್ಟಿ ಇಳಿಸಿದ ನೀರು ತುಂಬಿ ಮತ್ತೆ ತೂಗಿ. 27 ಡಿಗ್ರಿಯಲ್ಲಿ 100 ಮಿ.ಲೀ. ನೀರು, ಗಾಳಿಯ ತೇಲಿಕೆಯನ್ನು ಲೆಕ್ಕಕ್ಕೆ ಹಿಡಿದರೆ, ತಕ್ಕಡಿಯಲ್ಲಿ 99.55 ಗ್ರಾಂ ತೋರಿಸಬೇಕು. 27 ಡಿಗ್ರಿ ಹೇಳಿದ್ದು ಸುಮ್ಮನೆ ಅಲ್ಲ, ಉಷ್ಣ ದೇಶಗಳ ಅಳತೆ ಸಾಮಾನಿಗೆ 20ರ ಬದಲು 27 ಡಿಗ್ರಿಯನ್ನು ಆಧಾರವಾಗಿಡುವ ಪದ್ಧತಿಯಿದೆ. ಯಾವುದೆಂದು ಫ್ಲಾಸ್ಕಿನ ಮೇಲೆಯೇ ಬರೆದಿರುತ್ತದೆ. 10 ಮಿಲಿಗ್ರಾಂ ತೋರಿಸುವ ತಕ್ಕಡಿ ಇದಕ್ಕೆ ಸಾಕು. ತಪ್ಪು ಇದ್ದರೂ ಫ್ಲಾಸ್ಕನ್ನು ಬಿಸಾಡಬೇಕಿಲ್ಲ, ನಿಜವಾದ ಅಳತೆಯನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಲೆಕ್ಕದಲ್ಲಿ ಅದನ್ನೇ ಬಳಸಿ.

ನಿರ್ವಾತದ ಬಗ್ಗೆ ಮಾತ್ರ ನನ್ನ ಮಾತು ಕಟ್ಟುನಿಟ್ಟು. ಒಂದು ಲೀಟರಿನ ರೌಂಡ್ ಬಾಟಮ್ ಫ್ಲಾಸ್ಕಿನ ವ್ಯಾಸ ಸುಮಾರು 13 ಸೆಂಟಿಮೀಟರ್. ಒಳಗಿನ ಗಾಳಿ ತೆಗೆದಾಗ ಅದರ ಎರಡು ಅರ್ಧಗೋಳಗಳನ್ನು ವಾತಾವರಣ ಸುಮಾರು 140 ಕಿಲೋಗ್ರಾಂ ಭಾರದಿಂದ ಒತ್ತುತ್ತದೆ. ಗೋಡೆ ದುಂಡಗೆ, ಸಮವಾಗಿದ್ದರೆ ಆ ಒತ್ತಡ ಎಲ್ಲ ಕಡೆಗೂ ಹಂಚಿಹೋಗುತ್ತದೆ. ಒಂದು ಕಡೆ ತೆಳುವಾಗಿ, ಗುಳ್ಳೆಯಿದ್ದು, ಅದೇ ಜಾಗದಲ್ಲಿ ಹಳೆಯ ಬಿಗಿತವೂ ಇದ್ದರೆ ಎಲ್ಲವೂ ಅಲ್ಲಿಗೇ ಬಂದು ಸೇರುತ್ತವೆ. ಹಾಗೆ ಒಳಕ್ಕೆ ಕುಸಿದ ಫ್ಲಾಸ್ಕಿನ ಚೂರುಗಳು ಎದುರು ಬದಿಯಿಂದ ಹೊರಗೆ ಹಾರುತ್ತವೆ. ಸಪಾಟು ತಳದ ಕಾನಿಕಲ್ ಫ್ಲಾಸ್ಕನ್ನು, ಅದು ಯಾವ ಕಂಪನಿಯದಾದರೂ, ನಿರ್ವಾತಕ್ಕೆ ಒಡ್ಡಬಾರದು. ಸೋಸಲು ದಪ್ಪ ಗೋಡೆಯ ಬುಕ್ನರ್ ಫ್ಲಾಸ್ಕ್ ಬೇರೆಯೇ ಇದೆ. ಅಗ್ಗದ ಸೆಟ್ಟಿನ ಯಾವ ಫ್ಲಾಸ್ಕನ್ನೂ ನಿರ್ವಾತದ ಬಟ್ಟಿಗೆ ಬಳಸಬೇಡಿ ಎಂಬುದು ನನ್ನ ಸಲಹೆ. ಪೋಲರೈಜ್ಡ್ ಬೆಳಕಿನ ಪರೀಕ್ಷೆಯಲ್ಲಿ ಗೆದ್ದದ್ದನ್ನೂ ಸಹ. ದುಬಾರಿ ಫ್ಲಾಸ್ಕಾದರೂ ಲೋಹದ ಬ್ರಷ್ಷಿನಿಂದ ಉಜ್ಜಿ ಗೀರಿಸಿದ್ದರೆ ನನ್ನ ಮಾತು ಬದಲಾಗುವುದಿಲ್ಲ.

ಹಾಗಾದರೆ ನೀವು ನೋಡಿರುವ ಸೆಟ್ಟನ್ನು ಕೊಳ್ಳಬೇಕೇ? ಬೀಕರ್, ಕಾನಿಕಲ್ ಫ್ಲಾಸ್ಕ್, ಫನಲ್, ಗಾಜಿನ ಕಡ್ಡಿ, ನೀರಿನ ದ್ರಾವಣ ಕುದಿಸುವ 250 ಮಿಲಿಲೀಟರಿನ ಫ್ಲಾಸ್ಕ್, ಆಮ್ಲಕ್ಷಾರಗಳಲ್ಲಿ ಹಾಳುಮಾಡಲೆಂದೇ ಇಟ್ಟುಕೊಳ್ಳುವ ಸಾಮಾನುಗಳನ್ನೆಲ್ಲ ಅಗ್ಗದಲ್ಲಿ ಕೊಳ್ಳಿ. ಕಂಡೆನ್ಸರ್, ಒಂದು ಬ್ಯುರೆಟ್, ಉರಿಯುವ ದ್ರಾವಕಕ್ಕೆ ಬಳಸುವ ಒಂದು ಫ್ಲಾಸ್ಕ್, ನಿರ್ವಾತದ ಕೆಲಸವಿದ್ದರೆ ಅದರ ಸಾಮಾನುಗಳನ್ನು ಹೆಸರಾಂತ ಕಂಪನಿಯದನ್ನೇ ತೆಗೆದುಕೊಳ್ಳಿ. ಬಿ 24 ಎಲ್ಲ ಕಂಪನಿಗಳಿಗೂ ಸಮಾನವಾದ್ದರಿಂದ ಹೀಗೆ ಬೆರೆಸಿ ಕೊಳ್ಳಲು ತೊಂದರೆಯಿಲ್ಲ. ಮೂರನೇ ಒಂದು ಭಾಗದ ಬೆಲೆಗೆ ಸಿಗುವ ಪೂರ್ತಿ ಸೆಟ್ಟಿನ ಬದಲು ಹೀಗೆ ಬಿಡಿಬಿಡಿಯಾಗಿ ಕೊಂಡರೆ ಖರ್ಚು ಸ್ವಲ್ಪ ಹೆಚ್ಚಾಗುತ್ತದೆ, ಆದರೆ ನಿಮಗೆ ಬೇಡದ ಎರಡು ಅಡಾಪ್ಟರುಗಳಿಗೆ ದುಡ್ಡು ಕೊಡುವುದು ತಪ್ಪುತ್ತದೆ. ವಾಪಸಾತಿಗೆ ಅವಕಾಶ ಕೊಡದ ಮಾರಾಟಗಾರರಿಂದ ಗಾಜು ಕೊಳ್ಳಲೇಬೇಡಿ. ಡಬ್ಬಿ ಬಂದ ದಿನವೇ ಎಲ್ಲ ಪರೀಕ್ಷೆ ಮುಗಿಸಿ, ವಾಪಸಾತಿಯ ಅವಧಿ ನಿಮಗಾಗಿ ಕಾಯುವುದಿಲ್ಲ.

ಹೊಸ ಸೆಟ್ಟಿನ ಮೊದಲ ಬಟ್ಟಿ ಬರೀ ನೀರಿನದಾಗಿರಲಿ. ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಂಡು, ಕೆಳಗೆ ಅಗಲವಾದ ಸ್ಟೀಲ್ ಪರಾತ ಇಟ್ಟು, ನೀರು ಸಮವಾಗಿ ಕುದಿಯಲೆಂದು ಬಳಸುವ ಸಣ್ಣ ಹರಳುಗಳನ್ನು (ಬಾಯ್ಲಿಂಗ್ ಚಿಪ್ಸ್) ತಣ್ಣಗಿರುವಾಗಲೇ ಹಾಕಿ, ಫ್ಲಾಸ್ಕನ್ನು ನೇರ ಜ್ವಾಲೆಗೆ ಹಿಡಿಯದೆ ವಿದ್ಯುತ್ ಹೀಟಿಂಗ್ ಮ್ಯಾಂಟಲ್ ಅಥವಾ ಮರಳಿನ ಹಾಸಿನಲ್ಲಿ ಕಾಯಿಸಿ. ಕಂಡೆನ್ಸರಿಗೆ ನೀರನ್ನು ಕಾಯಿಸುವ ಮೊದಲೇ, ಕೆಳಗಿನ ತುದಿಯಿಂದ ಬಿಡಿ. ಕಾದ ಮೇಲೆ ನೆನಪಾಗಿ ತಣ್ಣೀರು ಬಿಟ್ಟರೆ ಒಳ್ಳೆಯ ಬೆಸುಗೆಯೂ ಸೀಳಬಹುದು. ಎರಡು ಮೂರು ಗಂಟೆ ಓಡಿಸಿ, ಆರಿದ ಮೇಲೆ ಬೆಸುಗೆಗಳನ್ನು ಮತ್ತೊಮ್ಮೆ ಎಲ್‌ಸಿಡಿ ಪರದೆಯ ಮುಂದೆ ನೋಡಿ. ಈ ಇಡೀ ಪರೀಕ್ಷೆಯನ್ನೇ ನಿಮ್ಮ ಚಾನೆಲ್‌ನ ಮೊದಲ ವಿಡಿಯೊ ಮಾಡಿ ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ. ಕೊಂಡ ಗಾಜನ್ನು ಹೇಗೆ ಪರೀಕ್ಷಿಸಬೇಕು ಎಂದು ಕನ್ನಡದಲ್ಲಿ ತೋರಿಸಿದರೆ, ನಿಮ್ಮ ಹಾಗೆಯೇ ಸೆಟ್ ನೋಡುತ್ತಾ ಕುಳಿತಿರುವ ಎಷ್ಟೋ ವಿದ್ಯಾರ್ಥಿಗಳಿಗೆ ಅದು ಕೂಡಲೇ ಉಪಯೋಗಕ್ಕೆ ಬರುತ್ತದೆ.

ಬಟ್ಟಿಯ ಸೆಟ್ ಇದ್ದವರು ಬೆಲ್ಲವನ್ನೋ ಹಣ್ಣನ್ನೋ ಹುದುಗಿಸಿ ಮದ್ಯಸಾರ ತೆಗೆದು ತೋರಿಸಲು ಆಸೆಪಡುವುದು ಸಹಜ. ಪರವಾನಗಿಯಿಲ್ಲದೆ ಅದನ್ನು ಮಾಡುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ, ಪ್ರಮಾಣ ಎಷ್ಟೇ ಸಣ್ಣದಾಗಿದ್ದರೂ ಮಾಡಬೇಡಿ. ಅದರ ಬದಲು ನೀಲಗಿರಿ ಎಲೆ ಅಥವಾ ಮಜ್ಜಿಗೆಹುಲ್ಲನ್ನು ನೀರಿನ ಆವಿಯಲ್ಲಿ ಬಟ್ಟಿ ಇಳಿಸಿ ಎಣ್ಣೆ ತೆಗೆಯಿರಿ. ಎಲೆ ನಿಮ್ಮ ಜಿಲ್ಲೆಯಲ್ಲಿಯೇ ಸಿಗುತ್ತದೆ, ಶಾಖ 100 ಡಿಗ್ರಿಯ ಆಸುಪಾಸು ದಾಟುವುದಿಲ್ಲ, ಸಂಗ್ರಹಿಸಿದ ನೀರಿನ ಮೇಲೆ ತೇಲುವ ಎಣ್ಣೆಯ ಪದರವನ್ನು ಸೆಪರೇಟಿಂಗ್ ಫನಲಿನಲ್ಲಿ ಬೇರ್ಪಡಿಸುವುದನ್ನೂ ತೋರಿಸಬಹುದು. ಪರೀಕ್ಷೆಯಲ್ಲಿ ಗೆದ್ದ ಅಗ್ಗದ ಫ್ಲಾಸ್ಕಿಗೆ ಈ ಕೆಲಸ ಭಾರವೇನಲ್ಲ.